ಗೇಟಿನ ಆಚೆಯವರೂ ವಾರ್ಡಿನವರೇ

2020ರ ಜುಲೈನಲ್ಲಿ ಬೆಂಗಳೂರಿನ ದೊಮ್ಮಲೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡು ಮನೆಗಳ ಬಾಗಿಲಿಗೆ ಅಡ್ಡಲಾಗಿ ಕೊರೊನಾ ಸೋಂಕಿನ ಕಾರಣಕ್ಕೆ ಪಾಲಿಕೆಯ ಸಿಬ್ಬಂದಿ ತಗಡು ಹೊಡೆದು ಹೋದರು. ಒಂದು ಮನೆಯಲ್ಲಿ ಒಬ್ಬ ತಾಯಿ, ಇಬ್ಬರು ಪುಟ್ಟ ಮಕ್ಕಳು. ಪಕ್ಕದ ಮನೆಯಲ್ಲಿ ವಯಸ್ಸಾದ ದಂಪತಿ. ಬೆಂಕಿ ಬಿದ್ದರೆ ಅವರು ಎಲ್ಲಿಂದ ಓಡಬೇಕು ಎಂದು ತಗಡು ಹೊಡೆದವರು ಯೋಚಿಸಲಿಲ್ಲ, ಹೊಡೆಸಿದವರೂ ಯೋಚಿಸಲಿಲ್ಲ. ಫೋಟೊ ಊರೆಲ್ಲ ಹರಿದಾಡಿದ ಮೇಲೆ ಪಾಲಿಕೆಯ ಆಯುಕ್ತರು ಬಹಿರಂಗವಾಗಿ ಕ್ಷಮೆ ಕೇಳಿ ತಗಡು ತೆಗೆಸಿದರು.

ಅಷ್ಟರಮಟ್ಟಿಗೆ ಸರ್ಕಾರಿ ಅಧಿಕಾರಿಯೊಬ್ಬರು ನಮಗಿಂತ ಮೇಲು. ಯಾಕೆಂದರೆ ಆ ತಗಡು ಬೀಳುವುದಕ್ಕೆ ನಾಲ್ಕು ತಿಂಗಳ ಮೊದಲಿನಿಂದಲೇ ನಾವು ನಮ್ಮ ನಮ್ಮ ಬಡಾವಣೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಕಾಗದದ ಮೇಲೆ ಅದೇ ಕೆಲಸ ಮಾಡುತ್ತಿದ್ದೆವು. ಮನೆಗೆಲಸದವರಿಗೆ ಪ್ರವೇಶವಿಲ್ಲ. ಡೆಲಿವರಿ ಹುಡುಗರು ಗೇಟಿನಲ್ಲೇ ಇಟ್ಟು ಹೋಗತಕ್ಕದ್ದು. ಡ್ರೈವರುಗಳು ಲಿಫ್ಟ್ ಬಳಸಕೂಡದು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಬಾಡಿಗೆದಾರರು ಇದ್ದರೆ ಕಾರ್ಯದರ್ಶಿಯವರ ಗಮನಕ್ಕೆ ತರತಕ್ಕದ್ದು. ಕೆಳಗೆ ಅಧ್ಯಕ್ಷರ ಸಹಿ, ಮೊಹರು. ಈ ನೋಟಿಸುಗಳಿಗೆ ಯಾರೂ ಕ್ಷಮೆ ಕೇಳಲಿಲ್ಲ. ಕೇಳಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ.

ನಾನು ಈ ಮಾತು ಹೇಳುತ್ತಿರುವುದು ಬೆಂಗಳೂರಿನ ಬಡಾವಣೆಗಳ ಸಂಘಗಳಿಗೆ, ಅವುಗಳ ಪದಾಧಿಕಾರಿಗಳಿಗೆ, ವರ್ಷಕ್ಕೊಮ್ಮೆ ಸದಸ್ಯತ್ವದ ಹಣ ಕಟ್ಟಿ ಸುಮ್ಮನಿರುವ ನನ್ನಂಥ ನಿಮ್ಮಂಥ ನಿವಾಸಿಗಳಿಗೆ. ರೋಗ ಹೋಯಿತಲ್ಲ, ಹಳೆಯದನ್ನು ಯಾಕೆ ಕೆದಕುತ್ತೀರಿ ಎನ್ನಬೇಡಿ. ಮುಂದಿನ ರೋಗ ಯಾವುದೋ, ಯಾವಾಗಲೋ ಗೊತ್ತಿಲ್ಲ. ಆದರೆ ಅದು ಬಂದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಎನ್ನುವುದಕ್ಕೆ ಹಿಂದಿನ ನಡವಳಿಕೆಯೇ ಸಾಕ್ಷಿ. ಆ ನಡವಳಿಕೆಯನ್ನು ತಿದ್ದುವ ಜಾಗವೊಂದನ್ನು ನಾವು ಇನ್ನೂ ಕಟ್ಟಿಕೊಂಡಿಲ್ಲ.

ಆ ದಿನಗಳಲ್ಲಿ ನಮ್ಮ ಬೀದಿಗೆ ಬರುತ್ತಿದ್ದ ಸುದ್ದಿ ಎಂಥದ್ದು, ನೆನಪು ಮಾಡಿಕೊಳ್ಳಿ. ದಿನಾ ಸಂಜೆ ಆರೋಗ್ಯ ಇಲಾಖೆಯ ಬುಲೆಟಿನ್. ಮೊದಲ ತಿಂಗಳುಗಳಲ್ಲಿ ಅದರಲ್ಲಿ ಪ್ರತಿ ಸೋಂಕಿತರಿಗೂ ಒಂದು ಸಂಖ್ಯೆ: ಪಿ ಇಷ್ಟು, ವಯಸ್ಸು ಇಷ್ಟು, ಗಂಡು ಅಥವಾ ಹೆಣ್ಣು, ಇಂಥ ಊರು, ಇಂಥವರ ಸಂಪರ್ಕ. ಕ್ರಿಕೆಟ್ ಸ್ಕೋರು ಕೇಳುವಂತೆ ಕಾದು ಕೂತು ಕೇಳಿದೆವು. ಆಮೇಲೆ, ಆ ವಯಸ್ಸಿನವರು ನಮ್ಮ ಕ್ರಾಸಿನಲ್ಲಿ ಯಾರಿದ್ದಾರೆ ಎಂಬ ಪತ್ತೇದಾರಿ ಶುರು. 2020ರ ಮಾರ್ಚಿನಲ್ಲಿ ಹೋಂ ಕ್ವಾರಂಟೈನಿನಲ್ಲಿದ್ದವರ ಮನೆ ವಿಳಾಸಗಳನ್ನೇ ರಾಜ್ಯ ಸರ್ಕಾರ ಜಿಲ್ಲಾವಾರು ಪ್ರಕಟಿಸಿತು. ಕೈಗೆ ಅಳಿಸದ ಶಾಯಿಯ ಮುದ್ರೆ, ಬಾಗಿಲಿಗೆ ಚೀಟಿ, ಬೀದಿಗೆ ಸೀಲ್‌ಡೌನ್. ವಿಳಾಸದ ಪಟ್ಟಿ ಹತ್ತೇ ನಿಮಿಷದಲ್ಲಿ ಎಲ್ಲರ ಮೊಬೈಲಿಗೂ ಬಂತು. ಆ ಮನೆಗೆ ಹಾಲು ಯಾರು ಹಾಕುತ್ತಾರೆ ಎಂಬ ಪ್ರಶ್ನೆ ಯಾವ ಗುಂಪಿನಲ್ಲೂ ಬರಲಿಲ್ಲ. ಬಂದಿದ್ದರೆ, ಆ ಗುಂಪು ಪುಣ್ಯವಂತರದು.

ಅಂದರೆ ಯಾರಿಂದ ದೂರ ಇರಬೇಕು ಎಂಬ ಸುದ್ದಿ ಧಾರಾಳವಾಗಿತ್ತು. ಯಾರ ಹತ್ತಿರ ಹೋಗಬೇಕು ಎಂಬ ಸುದ್ದಿ ಇರಲಿಲ್ಲ. ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಹೋಗಬೇಕಾದವರು ಯಾರು, ಒಬ್ಬಂಟಿಯಾಗಿರುವ ಮುದುಕಿ ಯಾವ ಮನೆಯಲ್ಲಿ, ಏಳನೇ ತಿಂಗಳ ಬಸುರಿ ಎಲ್ಲಿ, ಕಟ್ಟುತ್ತಿರುವ ಕಟ್ಟಡದ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಎಷ್ಟು ಸಂಸಾರ, ಅವರಿಗೆ ಪಡಿತರ ಚೀಟಿ ಯಾವ ರಾಜ್ಯದ್ದು. ಇದು ಗೊತ್ತಿದ್ದವರು ಇರಲಿಲ್ಲವೆ? ಇದ್ದರು. ಕಸದ ಆಟೊ ತರುವವನಿಗೆ ಯಾವ ಮನೆಯ ಬುಟ್ಟಿ ಮೂರು ದಿನದಿಂದ ಹೊರಗೆ ಬಂದಿಲ್ಲ ಎಂದು ಗೊತ್ತಿತ್ತು. ಮೆಡಿಕಲ್ ಶಾಪಿನವನಿಗೆ ಯಾರು ಬಿಪಿ ಮಾತ್ರೆಯನ್ನು ಅರ್ಧ ಸ್ಟ್ರಿಪ್‌ ಕೊಂಡರು ಎಂದು ಗೊತ್ತಿತ್ತು. ಆಶಾ ಕಾರ್ಯಕರ್ತೆಗೆ ಬಸುರಿಯ ಮನೆ ಗೊತ್ತಿತ್ತು. ನ್ಯಾಯಬೆಲೆ ಅಂಗಡಿಯವರಿಗೆ ಚೀಟಿ ಇಲ್ಲದವರ ಮುಖ ಗೊತ್ತಿತ್ತು. ಬಡಾವಣೆಯ ಇಡೀ ಜ್ಞಾನ ಇವರ ತಲೆಯಲ್ಲಿತ್ತು. ಇವರನ್ನೆಲ್ಲ ಒಂದು ಕೋಣೆಗೆ ಕರೆದು, ಕುರ್ಚಿ ಹಾಕಿ ಕೂರಿಸಿ, ಏನಮ್ಮಾ ಪರಿಸ್ಥಿತಿ ಎಂದು ಕೇಳಿದವರು ಯಾರು?

ಆಶಾಗಳನ್ನು ನಾವು ಕೇಳಿದ್ದು ಬೇರೆ ರೀತಿ. 2020ರ ಮಾರ್ಚಿನಲ್ಲಿ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದೆವು. ಏಪ್ರಿಲ್‌ನಲ್ಲಿ ಅವರು ಮನೆ ಮನೆ ಸಮೀಕ್ಷೆಗೆ ಬಂದಾಗ ಕೆಲವು ಬೀದಿಗಳಲ್ಲಿ ಕೈ ಮಾಡಿದರು, ಹಲವು ಬೀದಿಗಳಲ್ಲಿ ಗೇಟೇ ತೆರೆಯಲಿಲ್ಲ. ಜುಲೈನಲ್ಲಿ ರಾಜ್ಯದ ಸುಮಾರು 42 ಸಾವಿರ ಆಶಾಗಳು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೊಡಿ ಎಂದು ಕೆಲಸ ನಿಲ್ಲಿಸಿದರು. ಆಗ ಎಷ್ಟು ಬಡಾವಣೆ ಸಂಘಗಳು ಅವರ ಪರವಾಗಿ ಒಂದು ಪತ್ರ ಬರೆದವು? ತಟ್ಟೆ ಬಡಿಯುವುದಕ್ಕೆ ಖರ್ಚಿಲ್ಲ ಎನ್ನುವುದು ಆಗಲೇ ಗೊತ್ತಿರಬೇಕಿತ್ತು.

ಕೂಲಿಯ ಮಾತಿಗೆ ಬರೋಣ, ಅದು ಮುಜುಗರದ ಮಾತು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಘೋಷಣೆಯಾಯಿತು, ನಾಲ್ಕು ಗಂಟೆಯಲ್ಲಿ ದೇಶ ಮುಚ್ಚಿತು. ಐದು ದಿನದ ಮೇಲೆ ಕೇಂದ್ರ ಗೃಹ ಇಲಾಖೆ, ಕೆಲಸಗಾರರ ಕೂಲಿ ಕಡಿಯಬೇಡಿ, ಒಂದು ತಿಂಗಳ ಬಾಡಿಗೆ ಕೇಳಬೇಡಿ ಎಂದು ಆದೇಶ ಹೊರಡಿಸಿತು. ಕೂಲಿಯ ಆ ಆದೇಶ ಕಾರ್ಖಾನೆ, ಅಂಗಡಿ, ವಾಣಿಜ್ಯ ಸಂಸ್ಥೆಗಳ ಮಾತಾಡಿತ್ತು. ನಮ್ಮ ಅಡುಗೆಮನೆ ಕಾರ್ಖಾನೆಯಲ್ಲವಲ್ಲ! ಹಾಗಾಗಿ ಪಾತ್ರೆ ತೊಳೆಯುವವಳ ಸಂಬಳ ನಮ್ಮ ನಮ್ಮ ದೊಡ್ಡ ಮನಸ್ಸಿಗೆ ಬಿಟ್ಟ ವಿಷಯವಾಯಿತು. ಕೆಲವರು ಪೂರ್ತಿ ಕೊಟ್ಟರು, ಕೆಲವರು ಅರ್ಧ, ಕೆಲವರು ಮೊದಲ ತಿಂಗಳು ಮಾತ್ರ. ಬಹಳ ಜನ ಫೋನೆತ್ತಲಿಲ್ಲ. ಅವಳನ್ನು ಗೇಟಿನೊಳಗೆ ಬಿಡಬಾರದು ಎಂದು ಸಂಘ ಒಂದೇ ಸಭೆಯಲ್ಲಿ ನಿರ್ಣಯ ಮಾಡಿತು. ಅವಳಿಗೆ ಸಂಬಳ ಕೊಡಬೇಕು ಎಂದೂ ಅದೇ ಸಭೆಯಲ್ಲಿ ನಿರ್ಣಯ ಮಾಡಬಹುದಿತ್ತು. ಮೊದಲನೆಯದಕ್ಕೆ ಸಂಘಕ್ಕೆ ಅಧಿಕಾರ ಇತ್ತಂತೆ, ಎರಡನೆಯದಕ್ಕೆ ಇರಲಿಲ್ಲವಂತೆ.

ಇದೇ ಲೆಕ್ಕಾಚಾರ ದೊಡ್ಡ ಮಟ್ಟದಲ್ಲೂ ನಡೆಯಿತು. 2020ರ ಮೇ ಮೊದಲ ವಾರ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲುಗಳನ್ನು ರಾಜ್ಯ ಸರ್ಕಾರ ರದ್ದು ಮಾಡಿಸಿತು, ಅದೂ ಕಟ್ಟಡ ಉದ್ಯಮಿಗಳ ಜೊತೆ ಮುಖ್ಯಮಂತ್ರಿಗಳ ಸಭೆ ನಡೆದ ದಿನವೇ. ದೇಶವೆಲ್ಲ ಉಗಿದ ಮೇಲೆ ಮತ್ತೆ ಬಿಟ್ಟಿತು. ಕೆಲಸಕ್ಕೆ ಬೇಕು, ಬದುಕಿಗೆ ಬೇಡ. ಅವರ ಶೆಡ್ಡುಗಳು ಯಾವುದೋ ವಾರ್ಡಿನಲ್ಲೇ ಇದ್ದವಲ್ಲ? ಯಾವ ವಾರ್ಡು ಅವರನ್ನು ತನ್ನವರೆಂದಿತು?

ವಾರ್ಡ್ ಎಂದರೆ ಮತ ಎಣಿಸುವ ಗೆರೆಯಷ್ಟೇ ಅಲ್ಲ ಎಂದು ಕಾನೂನು ಎಂದೋ ಹೇಳಿದೆ. 1992ರ ಎಪ್ಪತ್ನಾಲ್ಕನೇ ತಿದ್ದುಪಡಿ, ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಸಂವಿಧಾನದಲ್ಲೇ ಬರೆಯಿತು. ನಮ್ಮ ರಾಜ್ಯದ ಪೌರ ನಿಗಮಗಳ ಕಾಯ್ದೆಗೆ ಅದು ಇಳಿದದ್ದು 2011ರಲ್ಲಿ, ನಿಯಮಗಳು ಬಂದದ್ದು 2016ರಲ್ಲಿ. ಇಪ್ಪತ್ತನಾಲ್ಕು ವರ್ಷ! ಆ ನಿಯಮಗಳ ಪ್ರಕಾರ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಜನ ಸದಸ್ಯರು. ಅವರಲ್ಲಿ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ತಿಂಗಳಿಗೊಂದು ಸಭೆ. ಕಸ, ನೀರು, ದೀಪ, ಚರಂಡಿ, ವಾರ್ಡಿನ ಯೋಜನೆ, ಖರ್ಚು ಎಲ್ಲ ಅಲ್ಲಿ ಚರ್ಚೆಯಾಗಬೇಕಿತ್ತು. ಹೈಕೋರ್ಟ್ ಕಸದ ಮೊಕದ್ದಮೆಯಲ್ಲಿ ಕಿವಿ ಹಿಂಡಿದ ಮೇಲೆಯೇ ಬೆಂಗಳೂರಿನ 198 ವಾರ್ಡುಗಳಲ್ಲಿ ಸಮಿತಿಗಳು ರಚನೆಯಾದದ್ದು. ಆಮೇಲೆ ತಿಂಗಳ ಮೊದಲ ಶನಿವಾರ ಸಭೆ ಎಂದು ಗೊತ್ತುಮಾಡಿದರು.

ಸಭೆಗೆ ಹೋದವರಿಗೆ ಅದರ ರುಚಿ ಗೊತ್ತು. ಕೆಲವು ಕಡೆ ಕಾರ್ಪೊರೇಟರ್ ಬರುತ್ತಿರಲಿಲ್ಲ, ಕೆಲವು ಕಡೆ ಅವರ ಕಡೆಯವರೇ ಹತ್ತೂ ಜನ. ಬಂದ ನಾಗರಿಕರಲ್ಲಿ ಮುಕ್ಕಾಲು ಪಾಲು ನಿವೃತ್ತರು, ಮಾತಿನ ಮುಕ್ಕಾಲು ಪಾಲು ಫುಟ್‌ಪಾತ್ ವ್ಯಾಪಾರಿಗಳನ್ನು ಎಬ್ಬಿಸಿ ಎನ್ನುವುದು. ಹೂ ಮಾರುವವಳಿಗೆ ಆ ಸಭೆಯ ಸುದ್ದಿ ಇರುತ್ತಿರಲಿಲ್ಲ, ಅವಳ ಬಗ್ಗೆಯೇ ತೀರ್ಮಾನ ಆಗುತ್ತಿತ್ತು. ಇದನ್ನೆಲ್ಲ ಒಪ್ಪುತ್ತೇನೆ. ಆದರೂ ಆ ಸಭೆಯಲ್ಲಿ ಒಂದು ಗುಣ ಇತ್ತು: ಪಾಲಿಕೆಯ ಇಂಜಿನಿಯರ್ ಎದುರಿಗೆ ಕೂತಿರುತ್ತಿದ್ದರು, ಕೇಳಿದರೆ ಉತ್ತರ ಹೇಳಬೇಕಿತ್ತು, ಹೇಳಿದ್ದು ನಡಾವಳಿಯಲ್ಲಿ ದಾಖಲಾಗುತ್ತಿತ್ತು. ಅಪಾರ್ಟ್‌ಮೆಂಟಿನ ಮೊಬೈಲ್ ಗುಂಪಿನಲ್ಲಿ ಆ ಗುಣ ಇಲ್ಲ. ಅಲ್ಲಿ ಗೇಟಿನ ಆಚೆಯವರು ಸದಸ್ಯರೇ ಅಲ್ಲ.

2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿ ಮುಗಿಯಿತು. ಆಡಳಿತಾಧಿಕಾರಿ ಬಂದರು. ಡಿಸೆಂಬರ್‌ನಲ್ಲಿ ಹೈಕೋರ್ಟ್ ಆರು ವಾರದಲ್ಲಿ ಚುನಾವಣೆ ಮಾಡಿ ಎಂದಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು, ತಡೆಯಾಜ್ಞೆ ಬಂತು. ಸಾಂಕ್ರಾಮಿಕದ ನಡುವೆ ಚುನಾವಣೆ ಹೇಗೆ ಎನ್ನುವವರಿಗೆ ಒಂದು ಮಾತು: ಅದೇ ಡಿಸೆಂಬರ್ 22 ಮತ್ತು 27ರಂದು ಈ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಮಾಸ್ಕ್ ಹಾಕಿಕೊಂಡು ಹಳ್ಳಿಯ ಜನ ಸಾಲು ನಿಂತು ಮತ ಹಾಕಿದರು. 2021ರ ಬೇಸಿಗೆಯಲ್ಲಿ ಎರಡನೇ ಅಲೆ ಹಳ್ಳಿಗೆ ನುಗ್ಗಿದಾಗ ಅವರಿಗೆ ಬಾಗಿಲು ಬಡಿಯಲು ಒಬ್ಬ ಮೆಂಬರಾದರೂ ಇದ್ದ. ಅವನು ಒಳ್ಳೆಯವನೋ ಕೆಟ್ಟವನೋ, ಅವನ ಮನೆ ಎಲ್ಲಿ ಎಂದು ಊರಿಗೆ ಗೊತ್ತಿತ್ತು. ಕೋಟಿ ದಾಟಿದ ಬೆಂಗಳೂರಿಗೆ ಆ ಭಾಗ್ಯ ಇರಲಿಲ್ಲ.

2021ರ ಮೇ 5ರಂದು ಒಂದೇ ದಿನ ರಾಜ್ಯದಲ್ಲಿ ಹೊಸ ಸೋಂಕಿತರ ಸಂಖ್ಯೆ 50 ಸಾವಿರ ದಾಟಿತು. ಬೆಂಗಳೂರಿನಲ್ಲೇ 23 ಸಾವಿರ. ಆಸ್ಪತ್ರೆಯಲ್ಲಿ ಹಾಸಿಗೆ ಬೇಕಾದರೆ ಸೋಂಕಿತರಿಗೆ ಕೊಡುವ ಬಿಯು ನಂಬರ್ ಬೇಕು, ಬಿಯು ನಂಬರ್ ಬರಬೇಕಾದರೆ ಪರೀಕ್ಷೆಯ ಫಲಿತಾಂಶ ಪೋರ್ಟಲ್‌ಗೆ ಏರಬೇಕು, ಏರುವುದಕ್ಕೆ ದಿನಗಳು ಬೇಕು, ಅಷ್ಟರಲ್ಲಿ ಆಕ್ಸಿಜನ್ ಮಟ್ಟ ಎಂಬತ್ತಕ್ಕೆ ಇಳಿದಿರುತ್ತದೆ. ಸಹಾಯವಾಣಿ 1912ಕ್ಕೆ ಫೋನ್ ಮಾಡಿದರೆ ಕಾಯಿರಿ. ವಾರ್ಡಿನಲ್ಲಿ ಕೇಳಲು ಯಾರೂ ಇಲ್ಲ. ಎಲ್ಲ ಸುದ್ದಿಯೂ ಪಾಲಿಕೆಯ ವಲಯದ ವಾರ್ ರೂಮಿನಲ್ಲಿ, ಅಂದರೆ ಕೊರೊನಾ ನಿಯಂತ್ರಣ ಕೊಠಡಿಯಲ್ಲಿ. ಅಲೆ ನೆತ್ತಿಗೇರಿದ ಮೇಲೆ ವಾರ್ಡಿಗೊಂದು ಸಮಿತಿ ಮಾಡಿ ಎಂದು ಓಡಾಡಿದರು. ಅದು ಮೊದಲೇ ಇರಬೇಕಾದ ಸಮಿತಿ ಎಂದು ಯಾರೂ ನೆನಪಿಸಲಿಲ್ಲ.

ಆ ವಾರ ನಡೆದ ಇನ್ನೊಂದು ಸಂಗತಿಯನ್ನು ಮರೆಯಲು ನನಗೆ ಸಾಧ್ಯವಾಗಿಲ್ಲ. ಆಸ್ಪತ್ರೆ ಹಾಸಿಗೆಗಳ ಹಂಚಿಕೆಯ ಹಗರಣದ ತನಿಖೆಯ ಹೆಸರಿನಲ್ಲಿ ನಗರದ ಒಬ್ಬ ಸಂಸದರು ದಕ್ಷಿಣ ವಲಯದ ವಾರ್ ರೂಮಿಗೆ ಹೋಗಿ, ಇನ್ನೂರಕ್ಕೂ ಹೆಚ್ಚು ಜನ ದುಡಿಯುತ್ತಿದ್ದ ಜಾಗದಲ್ಲಿ ಹದಿನೇಳು ಹೆಸರುಗಳನ್ನು ಮಾತ್ರ ಓದಿದರು. ಹದಿನೇಳೂ ಮುಸ್ಲಿಮರದು. ಹಗಲು ರಾತ್ರಿ ಫೋನಿನಲ್ಲಿ ಅಳುವವರನ್ನು ಸಮಾಧಾನ ಮಾಡುತ್ತ, ಸಣ್ಣ ಸಂಬಳಕ್ಕೆ ಕೂತಿದ್ದ ಹುಡುಗರು ಅವರು. ಪೊಲೀಸರು ಕರೆದು ವಿಚಾರಿಸಿ ಬಿಟ್ಟರು. ಆದರೆ ಪಟ್ಟಿ ಅಷ್ಟರಲ್ಲಿ ನಮ್ಮ ಬೀದಿಗಳ ಗುಂಪುಗಳಿಗೆ ಬಂದಾಗಿತ್ತು, ಇನ್ನಷ್ಟು ಖಾರ ಸೇರಿ. ಅದನ್ನು ಮುಂದಕ್ಕೆ ಕಳಿಸಿದ ಬೆರಳು ಸಂಸದರದ್ದಲ್ಲ. ಅದೇ ಹೊತ್ತಿನಲ್ಲಿ, ಹೆಣ ಮುಟ್ಟಲು ಮನೆಯವರೇ ಹಿಂಜರಿದಾಗ, ಸುಮನಹಳ್ಳಿಯ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳ ಸಾಲು ರಸ್ತೆಗೆ ಬಂದಿದ್ದಾಗ, ತಾವರೆಕೆರೆಯ ಬಯಲಿನಲ್ಲಿ ಸಾಲುಚಿತೆ ಉರಿಯುತ್ತಿದ್ದಾಗ, ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಸ್ವಯಂಸೇವಕರು ಪಿಪಿಇ ಕಿಟ್ ಹಾಕಿಕೊಂಡು ಯಾರದೋ ತಂದೆತಾಯಿಯನ್ನು ಹೊತ್ತರು.

ಹೌದು, ಒಳ್ಳೆಯತನ ಬೇಕಾದಷ್ಟಿತ್ತು. ಆಕ್ಸಿಜನ್ ಕಾನ್ಸೆಂಟ್ರೇಟರ್ ಹೊತ್ತುಕೊಂಡು ಸ್ಕೂಟರಿನಲ್ಲಿ ಓಡಿದ ಹುಡುಗಿಯರಿದ್ದರು, ಸಂಸಾರ ಸಮೇತ ಪುಳಿಯೋಗರೆ ಕಟ್ಟಿದವರಿದ್ದರು. ಅದನ್ನು ಸಣ್ಣದು ಮಾಡುವ ನಾಲಿಗೆ ನನ್ನದಲ್ಲ. ಆದರೆ ಆ ಒಳ್ಳೆಯತನ ಹರಿದದ್ದು ಯಾವ ದಾರಿಯಲ್ಲಿ? ಫೋನಿನ ಕಾಂಟ್ಯಾಕ್ಟ್ ಲಿಸ್ಟಿನ ದಾರಿಯಲ್ಲಿ. ಯಾರಿಗೆ ಒಬ್ಬ ಡಾಕ್ಟರ್ ಗೊತ್ತೋ, ಒಬ್ಬ ಪತ್ರಕರ್ತ ಗೊತ್ತೋ, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲು ಬರುತ್ತದೋ, ಅವರಿಗೆ ಹಾಸಿಗೆ ಸಿಕ್ಕಿತು. ಕೆ.ಆರ್. ಮಾರುಕಟ್ಟೆಯ ಹಮಾಲಿಗೆ ಅದೇ ಆಕ್ಸಿಜನ್ ಬೇಕಿತ್ತು. ಪರಿಚಯದ ಮೇಲೆ ಸಿಗುವ ದಯೆ ಎಷ್ಟೇ ದೊಡ್ಡದಿದ್ದರೂ ಅಪರಿಚಿತನ ಮಟ್ಟಿಗೆ ಅದು ಮುಚ್ಚಿದ ಬಾಗಿಲೇ.

ಲಸಿಕೆಯಲ್ಲೂ ಅದೇ ಕಥೆ. 2021ರ ಮೇ ತಿಂಗಳಲ್ಲಿ ಹದಿನೆಂಟು ದಾಟಿದವರಿಗೆ ಲಸಿಕೆ ಕಾದಿರಿಸುವ ಕೋವಿನ್ ಪೋರ್ಟಲ್ ತೆರೆದಾಗ, ನಗರದ ಹುಡುಗರು ಬೆರಳ ಚುರುಕಿನಿಂದ ಸುತ್ತಲ ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸ್ಲಾಟು ಹಿಡಿದು ಕಾರಿನಲ್ಲಿ ಹೋಗಿ ಚುಚ್ಚಿಸಿಕೊಂಡು ಬಂದರು. ಅಲ್ಲಿಯ ಜನ ಆಸ್ಪತ್ರೆಯ ಜಗಲಿಯ ಮೇಲೆ ಕೂತು ನೋಡಿದರು. ಆಮೇಲೆ ಖಾಸಗಿ ಆಸ್ಪತ್ರೆಗಳ ಜೊತೆ ಮಾತಾಡಿಕೊಂಡು ಕ್ಲಬ್‌ಹೌಸುಗಳಲ್ಲಿ ಶಿಬಿರ ನಡೆದವು. ಕೆಲವು ಅಪಾರ್ಟ್‌ಮೆಂಟುಗಳು ಸೆಕ್ಯುರಿಟಿಯವರಿಗೂ ಮನೆಗೆಲಸದವರಿಗೂ ಹಣ ಕೊಟ್ಟು ಅದೇ ಸಾಲಿನಲ್ಲಿ ನಿಲ್ಲಿಸಿದವು. ಅವರನ್ನು ನೆನೆಯಲೇಬೇಕು. ಅದು ಸಾಧ್ಯವಿತ್ತು ಎನ್ನುವುದಕ್ಕೆ ಅವರೇ ಸಾಕ್ಷಿ.

ರೋಗ ಬಂದಾಗ ಉಳ್ಳವರು ದೂರ ಸರಿಯುವುದು ಈ ಊರಿಗೆ ಹೊಸದೇನಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಅನುಕೂಲಸ್ಥರು ಹೊರಟು ಹೋಗಿ ಮಲ್ಲೇಶ್ವರ, ಬಸವನಗುಡಿಗಳು ತುಂಬಿಕೊಂಡವು. ಅಗಲ ರಸ್ತೆ, ಗಾಳಿ ಬೆಳಕು, ಮನೆಯ ಹಿಂದೆ ಮಲ ಹೊರುವವರು ಬಂದು ಹೋಗಲು ಒಂದು ಓಣಿ. ಆ ಓಣಿಗಳು ಈಗಲೂ ಇವೆ. ಉಳಿದವರ ಪಾಲಿಗೆ ಬಂದದ್ದು ಪ್ಲೇಗ್ ಮಾರಮ್ಮನ ಗುಡಿ.

ಈಗ ಏನು ಮಾಡಬೇಕು? ಮೊದಲು, ನಿಮ್ಮ ಸಂಘದ ಕಪಾಟಿನಿಂದ 2020ರ ನಡಾವಳಿ ಪುಸ್ತಕ ತೆಗೆಯಿರಿ. ಮಾರ್ಚಿನಿಂದ ಆಗಸ್ಟ್‌ವರೆಗಿನ ಪುಟಗಳನ್ನು ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಪುಸ್ತಕ ಇಟ್ಟಿಲ್ಲವೆಂದರೆ ಮೊಬೈಲ್ ಗುಂಪಿನ ಹಳೆಯ ಸಂದೇಶಗಳನ್ನು ಓದಿಸಿ. ಯಾವ ನಿರ್ಣಯಕ್ಕೆ ಕಾನೂನಿನ ಬಲ ಇತ್ತು, ಯಾವುದಕ್ಕೆ ಬರೀ ಭಯದ ಬಲ ಇತ್ತು ಎಂದು ಗುರುತು ಹಾಕಿ. ತಪ್ಪಾಗಿತ್ತು ಎಂದು ಕಂಡದ್ದನ್ನು ತಪ್ಪಾಗಿತ್ತು ಎಂದು ಬರೆದು, ಹಿಂದೆ ನೋಟಿಸು ಅಂಟಿಸಿದ್ದ ಅದೇ ಗೇಟಿಗೆ ಅಂಟಿಸಿ. ಆಯುಕ್ತರು ಕ್ಷಮೆ ಕೇಳಿ ಸಣ್ಣವರಾಗಲಿಲ್ಲ, ಅಧ್ಯಕ್ಷರೂ ಆಗುವುದಿಲ್ಲ. ಮುಂದೆ ರೋಗವೋ ಪ್ರವಾಹವೋ ಬಂದು ಕೆಲಸದವರು ಬರಲಾಗದಿದ್ದರೆ ಅವರ ಸಂಬಳ ನಿಲ್ಲುವುದಿಲ್ಲ ಎಂಬ ನಿರ್ಣಯವನ್ನು ಈಗಲೇ ಮಾಡಿ, ಆರೋಗ್ಯವಾಗಿರುವಾಗ, ಭಯ ಇಲ್ಲದಿರುವಾಗ.

ಎರಡನೆಯದು ವಾರ್ಡಿನದು. ಪಾಲಿಕೆಯ ಅವಧಿ ಮುಗಿದು ಐದು ವರ್ಷ ಕಳೆದರೂ ಬೆಂಗಳೂರು ತನ್ನ ಕಾರ್ಪೊರೇಟರನ್ನು ಆರಿಸಿಕೊಂಡಿರಲಿಲ್ಲ. ಈ ನಡುವೆ ವಾರ್ಡುಗಳ ಸಂಖ್ಯೆ 198ರಿಂದ 243ಕ್ಕೆ ಏರಿ 225ಕ್ಕೆ ಇಳಿಯಿತು, 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದಾಯಿತು, ವಾರ್ಡಿನ ಗೆರೆಗಳನ್ನು ಮತ್ತೆ ಎಳೆದರು. ನಿಮ್ಮ ಮನೆ ಯಾವ ವಾರ್ಡಿನಲ್ಲಿದೆ ಎಂದು ಥಟ್ಟನೆ ಹೇಳಬಲ್ಲಿರಾ? ಗುಂಡಿ ಮುಚ್ಚಿಲ್ಲ ಎಂದು ದಿನಾ ಬೈಯುವ ನಾವು, ಚುನಾವಣೆ ನಡೆಸಿಲ್ಲ ಎಂದು ಎಷ್ಟು ಸಲ ಬೀದಿಗೆ ಬಂದೆವು? ಕಾರ್ಪೊರೇಟರ್ ಇಲ್ಲದೆ ನೆಮ್ಮದಿಯಾಗಿದೆ, ಲಂಚದ ಕಾಟ ತಪ್ಪಿತು ಎನ್ನುವ ಸುಶಿಕ್ಷಿತರನ್ನು ನಾನು ಬಲ್ಲೆ. ಅವರಿಗೆ ಅಧಿಕಾರಿಯ ನಂಬರ್ ಗೊತ್ತಿರುತ್ತದೆ, ಅಷ್ಟೇ.

ಚುನಾವಣೆಯನ್ನೂ ವಾರ್ಡ್ ಸಮಿತಿಯನ್ನೂ ಒಟ್ಟಿಗೆ ಕೇಳಿ. ಸಮಿತಿಯಲ್ಲಿ ಪೌರಕಾರ್ಮಿಕರೊಬ್ಬರು, ಆಶಾ ಒಬ್ಬರು, ಕೊಳೆಗೇರಿಯ ಒಬ್ಬರು ಕೂರಲಿ ಎಂದು ಕೇಳಿ. ಸಂಘದವರ ಪಾಲಿನ ಕುರ್ಚಿಗೆ ಹೊಡೆದಾಡುವ ಮುಂಚೆ ಉಳಿದ ಕುರ್ಚಿಗಳಲ್ಲಿ ಯಾರಿದ್ದಾರೆ ಎಂದು ನೋಡಿ. ಒಬ್ಬಂಟಿಗಳು, ದೀರ್ಘ ಕಾಯಿಲೆಯವರು, ಬಸುರಿಯರು, ಚೀಟಿ ಇಲ್ಲದವರು ಎಲ್ಲಿದ್ದಾರೆ ಎಂಬ ಪಟ್ಟಿ ಆಶಾ ಮತ್ತು ಆರೋಗ್ಯ ಕೇಂದ್ರದ ಕೈಯಲ್ಲಿ ಇರಲಿ, ಮೊಬೈಲ್ ಗುಂಪಿಗೆ ಬೀಳದಿರಲಿ. 2020ರಲ್ಲಿ ವಿಳಾಸ ಹಂಚಿ ಏನಾಯಿತೆಂದು ನೋಡಿದ್ದೇವಲ್ಲ. ಎಲ್ಲರಿಗೂ ತಿಳಿಯಬೇಕಾದ ಸುದ್ದಿ ಮಾತ್ರ, ಅಂದರೆ ಲಸಿಕೆ ಎಲ್ಲಿ, ರೇಷನ್ ಎಂದು, ನೀರು ಯಾವಾಗ, ಯಾರಿಗೆ ದೂರು ಕೊಡಬೇಕು, ಇವು ಗೇಟಿನ ಹೊರಮುಖಕ್ಕೆ ಬರಲಿ, ಕನ್ನಡದ ಜೊತೆಗೆ ಆ ಬೀದಿಯ ಜನ ಓದುವ ತಮಿಳಿನಲ್ಲಿ, ಉರ್ದುವಿನಲ್ಲಿ, ಹಿಂದಿಯಲ್ಲಿ. ಓದಲು ಬಾರದವರಿಗೆ ಕಸದ ಆಟೊದ ಸ್ಪೀಕರ್ ಇದ್ದೇ ಇದೆ, ಅದು ಕೊರೊನಾ ಕಾಲದಲ್ಲಿ ದಿನಾ ಕೂಗಿದೆ.

ವಾರ್ಡ್ ಸಭೆ ಕರೆಯುವ ದಿನವನ್ನು ಮಾತ್ರ ಸಂಘದ ಪದಾಧಿಕಾರಿಗಳೇ ಕೂತು ಗೊತ್ತುಮಾಡಬೇಡಿ. ಮನೆಗೆಲಸದವರನ್ನು, ಹೂ ಮಾರುವವರನ್ನು, ಪೌರಕಾರ್ಮಿಕರನ್ನು ಕೇಳಿ, ಅವರು ಹೇಳಿದ ಹೊತ್ತಿಗೆ ಇಡಿ. ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಅವರು ಬರುವುದಿಲ್ಲ. ಆ ಹೊತ್ತಿಗೆ ಅವರು ನಿಮ್ಮ ಪಾತ್ರೆ ತೊಳೆಯುತ್ತಿರುತ್ತಾರೆ.